ತಲೆನೋವಿನ ಲೆಕ್ಕ

ಮಾರ್ಚ್ ೧೨

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ನನ್ನನ್ನು ಬೈದುಕೊಂಡಿರುತ್ತೀ. ಬೈದಿದ್ದು ಸಾಕು, ಈಗ ಅಕ್ಷರ ನೋಡು. ಕೋಳಿ ಕೆದರಿದ ಹಾಗಿದೆಯಲ್ಲ, ಅದೇ ಕಾರಣ. ಬಲಗೈ ಇನ್ನೂ ಪೂರ್ತಿ ನನ್ನ ಮಾತು ಕೇಳುತ್ತಿಲ್ಲ. ಗಾಬರಿ ಬೇಡ, ಬಾಯಿ ಮೊದಲಿನಷ್ಟೇ ಜೋರಾಗಿದೆ.

ಆಸ್ಪತ್ರೆಯ ಬಿಳಿ ಕೋಟುಗಳ ದೊಡ್ಡ ಆರ್ಡರ್ ಬಂದಿತ್ತು. ಬಿಳಿ ಬಟ್ಟೆ ಮೇಜಿನ ಮೇಲಿರುವಾಗ ಹೊಲಿಗೆ ಕೋಣೆಯೊಳಗೆ ನೀರಿನ ಲೋಟ ಬರಕೂಡದು ಎನ್ನುವುದು ನಮ್ಮ ಅಂಗಡಿಯ ಕಟ್ಟಳೆ. ಕೆಲಸದ ಹೆಂಗಸರು ಹೊರಗೆ ಹೋಗಿ ಕುಡಿದು ಬರುತ್ತಿದ್ದರು. ಯಜಮಾನಿಯಾದ ನನಗೆ ಏಳಲು ಪುರುಸೊತ್ತೆಲ್ಲಿ? ಮೇಲೆ ತಗಡಿನ ಸೂರು, ಪಕ್ಕದಲ್ಲಿ ಇಸ್ತ್ರಿಯ ಕಾವು. ಜೊತೆಗೆ ಮುಟ್ಟಿನ ಸ್ರಾವ ಹಿಡಿತಕ್ಕೆ ಬರಲೆಂದು ಹಾರ್ಮೋನ್ ಮಾತ್ರೆ. ನೀನೂ ನುಂಗುತ್ತಿದ್ದೀಯಲ್ಲ, ಅಂಥದ್ದೇ.

ತಲೆನೋವು ಶುರುವಾಯಿತು. ಮಲಗಿದರೆ ಹೆಚ್ಚು, ಎದ್ದು ಕೂತರೆ ಕಡಿಮೆ. ಹಾಗಾದರೆ ಕೂತು ಹೊಲಿಯುವುದೇ ಮದ್ದು, ಇಂಥ ಲಾಭದ ಕಾಯಿಲೆ ಯಾರಿಗುಂಟು ಎಂದುಕೊಂಡೆ. ಆಮೇಲೆ ವಾಂತಿ, ಕಣ್ಣು ಮಂಜು. ಕನ್ನಡಕ ಬದಲಿಸು ಅಂದರು ನಿನ್ನ ಭಾವ. ಬದಲಿಸುವುದರೊಳಗೆ ಒಂದು ಬೆಳಿಗ್ಗೆ ಕೈಯಿಂದ ಕತ್ತರಿ ಜಾರಿತು, ಫಿಟ್ಸ್ ಬಂದು ಬಿದ್ದೆನಂತೆ. ಇಸ್ತ್ರಿಯಾಕೆ ನನ್ನ ತಲೆ ಮೇಜಿಗೆ ಬಡಿಯದಂತೆ ಹಿಡಿದುಕೊಂಡಳಂತೆ.

ಮೆದುಳಿನಿಂದ ರಕ್ತ ವಾಪಸು ಹರಿಯುವ ನಾಳದಲ್ಲಿ ಹೆಪ್ಪು ಕಟ್ಟಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು. ನನ್ನನ್ನು ನೋಡಿಕೊಂಡವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೋಟಿನ ಕಾಲರ್ ಓರೆ, ನಮ್ಮ ಅಂಗಡಿಯದಲ್ಲ. ಯಾವುದರಿಂದ ಬಂತು, ಒಂದೇ ಮಾತಿನಲ್ಲಿ ಹೇಳಿ ಎಂದೆ.

"ಒಂದೇ ಕಾರಣ ಅಂತ ಹೇಳೋಕಾಗಲ್ಲಮ್ಮ. ಮಾತ್ರೆಯಿಂದ ಆಗಬಹುದು. ನೀರು ಕುಡೀದೆ ಇದ್ರೆ ಹೆಪ್ಪು ಕಟ್ಟೋದು ಇನ್ನೂ ಸುಲಭ. ಕೆಲವರಿಗೆ ಬಸಿರು, ಬಾಣಂತನ, ಕಿವಿ ಸೋರೋದು. ಆದ್ರೆ ನಿಮ್ಮ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇದೆ, ಹೆಪ್ಪು ಬೇಗ ಕಟ್ಟುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

ನೋಡು, ಒಂದೊಂದೂ ಚಿಲ್ಲರೆ ಬಾಬತ್ತು, ಕೂಡಿದರೆ ದಿವಾಳಿ.

ಈಗ ನಿನ್ನ ವಿಷಯ. ಈ ಕೊರತೆ ನಿನಗೂ ಇರಬಹುದು, ಇಲ್ಲದೆಯೂ ಇರಬಹುದು. ಫೋನಿನಲ್ಲಿ ಹೇಳಿದರೆ 'ಹೂಂ ಅಕ್ಕ' ಎಂದು ಮರೆತುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ತೆಗೆದುಕೊಂಡು ಹೋಗಿ ನಿನ್ನ ಡಾಕ್ಟರ ಮೇಜಿನ ಮೇಲಿಡು. ಆ ಹಾರ್ಮೋನ್ ಮಾತ್ರೆ ನಿನಗೆ ಆಗುತ್ತದೆಯೇ ಎಂದು ಕೇಳು, ರಕ್ತ ಪರೀಕ್ಷೆ ಮಾಡಿಸು. ಸೂಜಿ ಕಂಡರೆ ಭಯವೆನ್ನುವ ನೆಪ ದರ್ಜಿಯ ತಂಗಿಗೆ ಒಪ್ಪುವುದಿಲ್ಲ. ನಾಳೆ ನೋಡೋಣ ಎಂದರೆ ನಾನೇ ಬಸ್ಸು ಹತ್ತಿ ಬಂದು ಕರೆದುಕೊಂಡು ಹೋಗುತ್ತೇನೆ. ಈ ಕಾಯಿಲೆಯಿಂದ ಮೂತಿ ಸೊಟ್ಟಗಾಗಿರುವ ಅಕ್ಕನ ಜೊತೆ ಬೀದಿಯಲ್ಲಿ ನಡೆಯುವುದು ಬೇಕಿದ್ದರೆ ತಡಮಾಡು.

ನಾನು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನವೂ ಬಲಗೈಯಲ್ಲಿ ಗುಂಡಿ ಹಚ್ಚುವುದನ್ನು ಮೊದಲಿನಿಂದ ಕಲಿಯುತ್ತಿದ್ದೇನೆ. ಹೊಲಿಗೆ ಕೋಣೆಯಲ್ಲಿ ಈಗ ನೀರಿನ ಹೂಜಿ ಇದೆ. ನೀರು ಬಿದ್ದರೆ ಒಣಗುತ್ತದೆ ಎಂದು ಇಷ್ಟು ವರ್ಷ ಯಾರೂ ಹೇಳಲಿಲ್ಲ; ಹೇಳಿದ್ದರೆ ಕೇಳುವವಳೇ ನಾನು?

ಮಕ್ಕಳಿಗೆ ಮುತ್ತು. ನೀನು ನೂರು ಕಾಲ ಬಾಳು, ಅದಕ್ಕೆ ಮೊದಲು ಡಾಕ್ಟರ ಹತ್ತಿರ ಹೋಗು.

ನಿನ್ನ ಅಕ್ಕ

ಮತ್ತೊಂದು ಮಾತು: ಡಾಕ್ಟರಮ್ಮ ಮನೆಯವರ ಬಗ್ಗೆ ಕೇಳಿದಾಗ ಅಮ್ಮನ ವಿಷಯ ಹೇಳಿದೆ. ನಿನ್ನನ್ನು ಹೆತ್ತ ಮೇಲೆ ಅಮ್ಮ ತಲೆ ಹಿಡಿದುಕೊಂಡು ಕೂತೇ ಇರುತ್ತಿದ್ದಳು, ಮಲಗಲಾರೆ ಎನ್ನುತ್ತಿದ್ದಳು. ಫಿಟ್ಸ್ ಬಂತು, ಹೋದಳು. ಈಗ ಖಚಿತವಾಗಿ ಹೇಳಲಾಗದು, ಆದರೆ ಇದೇ ಇದ್ದಿರಬಹುದು ಅಂದರು. ಹುಟ್ಟುತ್ತಲೇ ತಾಯಿಯನ್ನು ನುಂಗಿಕೊಂಡವಳು ಎಂದು ಅಜ್ಜಿ ನಿನಗೆ ಅನ್ನದ ದಿನವಿರಲಿಲ್ಲ. ನೀನು ಅದನ್ನು ನಂಬಿಯೂಬಿಟ್ಟೆ. ಬಾಣಂತನವೂ ಒಂದು ಕಾರಣ ತಾನೇ ಅಕ್ಕ ಎಂದು ಈಗಲೂ ನೀನು ಲೆಕ್ಕ ತೆಗೆಯುತ್ತೀ, ನನಗೆ ಗೊತ್ತು. ನನ್ನನ್ನು ಹೆತ್ತಾಗಲೂ ಅಮ್ಮನ ಮೈಯಲ್ಲಿದ್ದದ್ದು ಅದೇ ರಕ್ತ, ಪುಟ್ಟಿ. ನನ್ನ ಸರದಿಯಲ್ಲಿ ಅವಳು ಉಳಿದುಕೊಂಡಳು, ಅಷ್ಟೇ.