ಕೊನೆಯ ಚರಣ

ಮಂಗಳವಾರ, ಸಂಜೆ

ಪ್ರೀತಿಯ ಮಾತಿನಮಲ್ಲಿಗೆ,

ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ; ನೀನಿದ್ದರೆ ತಾನೇ ಕ್ಷೇಮ. ಉತ್ತರ ತಡವಾಯಿತು, ಬೈಯಬೇಡ. ಬೈಯಬೇಕೆಂದರೂ ಬಾಯಿ ತೆರೆಯಕೂಡದು ಎಂದಿದ್ದಾರಲ್ಲ ಡಾಕ್ಟರು, ನಾನು ಬಚಾವು. ಈ ಪತ್ರವನ್ನು ನಿನ್ನ ಅಕ್ಕನ ಮನೆಗೆ ಷಡ್ಡಕರ ಕೈಯಲ್ಲಿ ಕಳಿಸುತ್ತಿದ್ದೇನೆ. ಶುಕ್ರವಾರ ನಿನ್ನ ಗಂಟಲಿನ ಗಡ್ಡೆಯ ಆಪರೇಷನ್. ಗುರುವಾರವೇ ನಾನು ಆಸ್ಪತ್ರೆಯಲ್ಲಿರುತ್ತೇನೆ.

ತಡಕ್ಕೆ ಕಾರಣ ನಿನ್ನ ಸಿಡಿಯೇ. ನಿನ್ನ ಹಳೆಯ ಹಾಡುಗಳನ್ನು ಆರಿಸಿ ಒಂದೇ ಸಿಡಿಯಲ್ಲಿ ತರುವ ಕೆಲಸವನ್ನು ನಮ್ಮ ಆಡಿಯೊ ಕಂಪನಿ ನನ್ನ ತಲೆಗೇ ಕಟ್ಟಿದೆ. ನದಿಯ ಹಾಡು ಎರಡು ಬಗೆಯಲ್ಲಿದೆ, ನೆನಪಿದೆಯಲ್ಲ? ಆಲ್ಬಂನಲ್ಲಿರುವುದು ಉದ್ದದ್ದು. ರೇಡಿಯೊಗೆಂದು ಬೇರೆಯಾಗಿ ಬಿಟ್ಟ ಸಿಂಗಲ್‌ನಲ್ಲಿ ಕೊನೆಯ ಚರಣವನ್ನು ಕತ್ತರಿಸಿ, ಪಲ್ಲವಿಯ ಮೇಲೆ ಮೆಲ್ಲಗೆ ಮುಗಿಸಿದ್ದರು. ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಆ ಕೊನೆಯ ಚರಣದಲ್ಲಿ, ಮೇಲಕ್ಕೆ ಹೋಗುವಾಗ, ನಿನ್ನ ದನಿ ಒಂದು ಕಡೆ ಒರಟಾಗುತ್ತದೆ. ಆಗ ನೆಗಡಿ ಎಂದುಕೊಂಡು ನಕ್ಕಿದ್ದೆವು. ಈಗ ಅಲ್ಲಿಗೆ ಬಂದಾಗಲೆಲ್ಲ ನಿಲ್ಲಿಸಿಬಿಡುತ್ತೇನೆ. ಆ ಗಡ್ಡೆ ಆಗಲೇ ಗಂಟಲಲ್ಲಿ ಬಂದು ಕೂತಿತ್ತೇ?

ಅಲ್ಲಿಂದ ಮುಂದೆ ನಿನ್ನ ಯಾವ ಹಾಡನ್ನೂ ಹಾಡಾಗಿ ಕೇಳಲು ಆಗುತ್ತಿಲ್ಲ. ನೀನು ಉಸಿರೆಳೆದುಕೊಂಡರೂ ಬೆಚ್ಚುತ್ತೇನೆ. ಹೆದರಿ, ಸಿಂಗಲ್ಲನ್ನೇ ಸೇರಿಸಿ ಸಿಡಿ ತಯಾರಾಗುವ ಕಾರ್ಖಾನೆಗೆ ಕಳಿಸಿಬಿಟ್ಟೆ. ಅದರಲ್ಲಿ ನೀನು ಆರೋಗ್ಯವಾಗಿದ್ದೀಯ, ಅಷ್ಟೇ ಕಾರಣ.

ನಿನ್ನೆ ನಮ್ಮ ಸೌಂಡ್ ಎಂಜಿನಿಯರ್ ಟೀ ಕುಡಿಯುತ್ತ ಕೇಳಿದ, "ಏನ್ ಸಾರ್, ಮೇಡಂ ಹಾಡಿರೋ ಕೊನೇ ಚರಣನೇ ಹಾರಿಸ್ಬಿಟ್ರಲ್ಲ? ಕವರ್ ಮೇಲೆ ಆಲ್ಬಂ ಹಾಡು ಅಂತ ಹಾಕಿದೀವಿ."

"ತುಂಬಾ ಉದ್ದ ಆಯ್ತು ಕಣಯ್ಯ" ಎಂದು ಸುಳ್ಳು ಹೇಳಿದೆ.

"ಸಿಡೀಲಿ ಜಾಗ ಬೇಕಾದಷ್ಟಿದೆ ಸಾರ್. ನೀವ್ ಹೆದ್ರಿಕೊಂಡಿದೀರ, ಅಷ್ಟೇ" ಎಂದ. ನಾನು ಟೀ ಅಲ್ಲೇ ಬಿಟ್ಟು ಎದ್ದೆ.

ಶುಕ್ರವಾರ ಡಾಕ್ಟರು ಕತ್ತರಿ ಹಿಡಿಯುವುದು ನನ್ನ ಕೈಯಲ್ಲಿಲ್ಲ. ಅವರಿಗಿಂತ ಮೊದಲು ನಾನೇ ಕತ್ತರಿಸಿ ಕೂತೆನಲ್ಲ ಎನ್ನಿಸಿತು. ಆಲ್ಬಂನ ಹಾಡು ಸೇರಿಸಿದ ಪ್ರತಿ ಹಿಡಿದು, ಸಿಕ್ಕಿದ ಬಸ್ಸು ಹತ್ತಿ ಕಾರ್ಖಾನೆಗೆ ಓಡಿದೆ. ಅಲ್ಲಿನ ಮೇಸ್ತ್ರಿ, "ಇನ್ನೇನ್ ಮಿಷಿನ್ ಶುರು ಮಾಡ್ಬೇಕು, ಈಗ ಬಂದ್ರೆ ಹೇಗ್ ಸ್ವಾಮಿ?" ಎಂದು ರೇಗಿದ. ಅವನ ಕಾಲು ಹಿಡಿಯುವುದೊಂದು ಬಾಕಿ. ಗೊಣಗುತ್ತಲೇ ಬದಲಾಯಿಸಿದ. ಈಗ ಆ ಒರಟೂ ಸೇರಿ ಪೂರ್ತಿ ಹಾಡು ಸಿಡಿಯಲ್ಲಿದೆ.

ಧೈರ್ಯವಾಗಿರು ಎನ್ನಲು ನನಗೇ ಧೈರ್ಯವಿಲ್ಲ. ಭಯವಾಗುತ್ತಿದೆ, ಮುಚ್ಚಿಟ್ಟು ಏನು ಮಾಡಲಿ. ನಿನ್ನ ಅಕ್ಕ ಹೇಳಿದ ಹಾಗೆ ಕೇಳು, ಸನ್ನೆಯಲ್ಲೂ ಜಗಳವಾಡಬೇಡ. ನೂರು ಕಾಲ ಬಾಳು, ನನ್ನ ತಲೆ ತಿನ್ನುತ್ತಲೇ ಬಾಳು.

ಇಂತಿ ನಿನ್ನ,
ಹೆಸರಿಗಷ್ಟೇ ಯಜಮಾನ

ಮರೆತಿದ್ದೆ: ದನಿ ಉಳಿಯುತ್ತದೆಂದು ಭರವಸೆ ಕೊಡಲಾರೆ ಎಂದು ಡಾಕ್ಟರು ನನಗೂ ಹೇಳಿದರು. ಆಮೇಲೆ ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿದೆ. ನಿನ್ನ ಹಾಡುಗಳು ಉದ್ದದ್ದೂ ಇವೆ, ಗಿಡ್ಡದ್ದೂ ಇವೆ. ನೀನು ಅಡುಗೆಮನೆಯಿಂದ "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದು ಕೂಗಿದ್ದು ಒಂದರಲ್ಲೂ ಇಲ್ಲ. ಗುರುವಾರ ರೆಕಾರ್ಡರ್ ತರುತ್ತೇನೆ. ಡಾಕ್ಟರನ್ನು ಕೇಳಿಕೊಂಡಿದ್ದೇನೆ, ಒಂದೇ ಒಂದು ಸಲ ಕರೆಯಬಹುದಂತೆ.