ಮಂತ್ರಿಯಾದ ನಮ್ಮ ಡಾಕ್ಟರಬಾಯಿ

ಎರಡನೆಯ ಬೇಸಿಗೆ, ೨೧೯೩
ಹಾಲಗಡಿ ನಗರ, ಭೀಮಾ ದಂಡೆ

ನಮಗಿಂತ ಎಷ್ಟೋ ಮೊದಲು ಬಾಳುತ್ತಿರುವ ಹಿರಿಯರಿಗೆ,

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಮಧ್ಯಾಹ್ನ ಯಾರೂ ಮನೆಯಲ್ಲಿರುವುದಿಲ್ಲ. ಊರಿಗೆ ಊರೇ ತಂಪುಮನೆಗೆ ಇಳಿಯುತ್ತದೆ. ತಂಪುಮನೆಯೆಂದರೆ ನೆಲದಡಿಯ ದೊಡ್ಡ ಹಜಾರ, ವಿದ್ಯುತ್ತಿನಿಂದ ತಣ್ಣಗಿರುವಂಥದ್ದು. ಶೇಂಗಾ ಸುಲಿಯುವುದು, ಮಕ್ಕಳ ಶಾಲೆ, ಜಗಳ, ಮದುವೆಯ ಮಾತುಕತೆ ಎಲ್ಲವೂ ಅಲ್ಲೇ. ಬಿಸಿಲು ಇಳಿದ ಮೇಲೆ ಚಾಪೆ ಸುತ್ತಿಕೊಂಡು ಮೇಲೆ ಬರುತ್ತೇವೆ.

ಇದನ್ನು ನಮಗೆ ಕಟ್ಟಿಸಿಕೊಟ್ಟವರು ಡಾ. ನೀಲಾಂಬಿಕಾ ಹೂಗಾರ. ಅವರ ಕೊನೆಯ ವರ್ಷಗಳಲ್ಲಿ ನಾನು ಅವರ ಕಚೇರಿಯಲ್ಲಿದ್ದೆ. ಹೇಳುತ್ತಿರುವುದು ಅವರಿಂದಲೇ ಕೇಳಿದ್ದು.

ಹೊಳೆಯಾಚೆಯ ಕಲ್ಲಮರಡಿಯಲ್ಲಿ ಅವರು ವೈದ್ಯರಾಗಿದ್ದರು. ಆಗ ತಂಪುಮನೆಗಳಿರಲಿಲ್ಲ. ಬಿಸಿಲು ಬಡಿದವರನ್ನು ಹೊತ್ತು ತಂದರೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಹಾಕಿ, ಉಳಿದರೆ ಉಳಿದರು ಎನ್ನುವ ಸ್ಥಿತಿ. ಸರ್ಕಾರಕ್ಕೆ ಬೇಡಿ ಬೇಡಿ ಅವರು ಸೋತಾಗ, ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದ ಚಂದವ್ವ ತಳವಾರ ಹೇಳಿದಳಂತೆ: “ಬಾಯಾರ, ಎಷ್ಟಂತ ಬೇಡ್ಕೋತೀರಿ? ನೀವ ಎಲೆಕ್ಷನ್‌ಗೆ ನಿಂದರ್ರಿ. ನಾ ಮನಿ ಮನಿ ತಿರಗತೀನಿ.”

ಚಂದವ್ವ ತಿರುಗಿದಳು. ಡಾಕ್ಟರಬಾಯಿ ಗೆದ್ದರು, ಕೆಲ ವರ್ಷಗಳಲ್ಲಿ ಆರೋಗ್ಯಮಂತ್ರಿಯಾದರು. ಮೊದಲ ತಂಪುಮನೆ ಕಲ್ಲಮರಡಿಯಲ್ಲೇ ಆಯಿತು, ಆಮೇಲೆ ನಮ್ಮ ನಗರದಲ್ಲಿ. ಮಂತ್ರಿಯಾದರೂ ಭಾನುವಾರ ಅವರು ರೋಗಿಗಳನ್ನು ನೋಡುವುದು ಬಿಟ್ಟಿರಲಿಲ್ಲ.

ಒಂದು ಬೇಸಿಗೆಯಲ್ಲಿ ಧೂಳುಗಾಳಿ ಎದ್ದು ವಿದ್ಯುತ್ತಿನ ಮುಖ್ಯ ತಂತಿಗಳು ಹರಿದುಬಿದ್ದವು. ಉಳಿದ ವಿದ್ಯುತ್ತು ಹೊಳೆಯ ಒಂದು ದಂಡೆಗೆ ಮಾತ್ರ ಸಾಕಾಗುತ್ತಿತ್ತು. ಯಾವ ದಂಡೆಗೆಂದು ಎಂಜಿನಿಯರುಗಳು ಅವರನ್ನು ಕೇಳಿದರು. ವೈದ್ಯೆಯಾಗಿ ಅವರು ಯಾವಾಗಲೂ ಹೆಚ್ಚು ನರಳುವವರನ್ನು ಮೊದಲು ನೋಡುತ್ತಿದ್ದರು. ಆ ಬೆಳಿಗ್ಗೆ ಹೆಚ್ಚು ಜನರಿರುವ ಕಡೆ ನೋಡಿದರು. ನಗರ ಎಂದರು. ಆಚೆಯ ಜನರನ್ನು ಕರೆತರಲು ಸಿಕ್ಕ ವಾಹನಗಳನ್ನೆಲ್ಲ ಕಳಿಸಿದರು, ಆದರೆ ಎಲ್ಲರೂ ದಾಟುವ ಮೊದಲೇ ಬಿಸಿಲೇರಿತು. ನಡೆಯಲಾರದವರ ಜೊತೆ ಕುಳಿತಿದ್ದ ಚಂದವ್ವ ಕತ್ತಲಾದ ತಂಪುಮನೆಯಲ್ಲಿ ಸತ್ತಳು. ಅವಳೊಂದಿಗೆ ಇನ್ನೂ ಹಲವರು.

ಡಾಕ್ಟರಬಾಯಿ ರಾಜೀನಾಮೆ ಬರೆದುಕೊಂಡೇ ಕಲ್ಲಮರಡಿಗೆ ಹೋದರು. ಚಂದವ್ವನ ಮಗಳು ನಿಂಬೆವ್ವ ಬಾಗಿಲಲ್ಲೇ ನಿಲ್ಲಿಸಿದಳು.

“ನಿಮ್ಮವ್ವನ್ನ ನಾನ ಕೊಂದೆ, ನಿಂಬೆವ್ವ. ಇನ್ನ ಆ ಕುರ್ಚಿ ನನಗ ಬ್ಯಾಡ.”

“ಬಿಟ್ಟ ಬಂದರ ನಿಮಗ ಹಗುರಾಗತೈತಿ. ನಮಗೇನ ಆಗತೈತಿ? ಹೋಗ್ರಿ, ನಮ್ಮ ದಂಡಿಗೆ ಬ್ಯಾರೆ ತಂತಿ ಎಳಸ್ರಿ. ಅಲ್ಲೀತನಾ ನನ್ನ ಮುಂದ ಅಳಬ್ಯಾಡ್ರಿ.”

ಅವರು ಹಿಂದಿರುಗಿದರು. ಮುಂದಿನ ಚುನಾವಣೆಯಲ್ಲಿ ನಗರ ಅವರನ್ನು ಹಿಂದೆಂದಿಗಿಂತ ಹೆಚ್ಚು ಮತಗಳಿಂದ ಗೆಲ್ಲಿಸಿತು. ಆ ಜಯಘೋಷ ತಮಗೆ ಹೊಡೆತದಂತೆ ಕೇಳಿಸಿತು ಎಂದು ನನ್ನೆದುರು ಒಮ್ಮೆ ಹೇಳಿದ್ದರು. ಹೊಳೆಯಾಚೆಗೆ ಬೇರೆ ತಂತಿ ಎಳೆಸಿದರು. ಅಲ್ಲಿಂದ ಈಚೆಗೆ ಕಲ್ಲಮರಡಿ ಕತ್ತಲಾಗಿಲ್ಲ. ಆದರೆ ಅವರು ಮತ್ತೆ ಯಾವ ರೋಗಿಯ ನಾಡಿಯನ್ನೂ ಹಿಡಿಯಲಿಲ್ಲ. ಜನ ಬಂದು ಕೂತರೆ ಬೇರೆ ವೈದ್ಯರ ಬಳಿಗೆ ಕಳಿಸುತ್ತಿದ್ದರು. ತಮಗೆ ಬಂದ ಜ್ವರಕ್ಕೂ ಔಷಧಿ ಬೇಡವೆನ್ನುತ್ತಿದ್ದರು. ನಿಂಬೆವ್ವ ಅವರನ್ನು ಕೊನೆಗೂ ಒಳಗೆ ಕರೆದಳೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಚಂದವ್ವ ಸತ್ತ ಆ ಮಧ್ಯಾಹ್ನವೇ ನಮ್ಮ ನಗರದ ತಂಪುಮನೆಯಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂತು. ಹುಟ್ಟಿದ್ದು ನಾನು. ಸುತ್ತ ತಣ್ಣನೆಯ ಗಾಳಿಯಿತ್ತು, ಹೆಂಗಸರು ಸೋಬಾನೆ ಹಾಡಿದರಂತೆ. ಪ್ರತಿ ಹುಟ್ಟುಹಬ್ಬದ ದಿನ ಅವ್ವ ಹೋಳಿಗೆ ಮಾಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಅದೇ ದಿನ ಹೊಳೆಯಾಚೆ ಸತ್ತವರಿಗೆ ಎಡೆ ಇಡುತ್ತಾರೆಂದು ಬಹಳ ತಡವಾಗಿ ತಿಳಿಯಿತು.

ಹಿರಿಯರೇ, ಈ ಬಿಸಿಲಿಗಾಗಿ ನಿಮ್ಮನ್ನು ದೂರಲು ನನಗೆ ಬಾಯಿಲ್ಲ. ಒಂದೇ ಬೇಡಿಕೆ: ಎರಡೂ ದಂಡೆಗೆ ಸಾಲುವಷ್ಟು ತಂಪು ನಿಮ್ಮಲ್ಲಿ ಇನ್ನೂ ಇದೆ. ಇರುವಾಗಲೇ ಹಂಚಿಡಿ. ಯಾವ ದಂಡೆ ಎಂದು ಯಾವ ವೈದ್ಯೆಯನ್ನೂ ಕೇಳುವಂತೆ ಮಾಡಬೇಡಿ.

ನಿಮ್ಮವನೇ ಆದ,
ಗುರುಲಿಂಗ ಪತ್ತಾರ