ಮಣ್ಣಿನಡಿಯ ಖುಮ್ರಾ

ಓಮ್ದುರ್ಮಾನ್, ಅಬೂರೌಫ್ ಕೇರಿ
ಗುರುವಾರ, ೯ ಅಕ್ಟೋಬರ್ ೨೦೨೫

ನನ್ನ ಮುದ್ದಿನ ಇಬ್ತಿಹಾಲ್,

ಹೇಗಿದ್ದೀಯ ಮಗಳೇ? ಆ ಕೆಮ್ಮು ಹೋಯಿತೇ? ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಚಿಕ್ಕಮ್ಮ ನಫೀಸಾ ದೂರುವಂತೆ ಬರೀ ಚಹಾದಲ್ಲೇ ದಿನ ತಳ್ಳುತ್ತಿದ್ದೀಯೋ? ಮದುವಣಗಿತ್ತಿ ಕಡ್ಡಿಯಂತೆ ಕೂತರೆ ಕೈರೋದಲ್ಲಿರುವ ನಮ್ಮ ಜನ ನನ್ನನ್ನೇ ಆಡಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲು ಬೈಗುಳ ತಿನ್ನು. "ಅಮ್ಮ ಬಂದು ಕೈಗೆ ದಾರ ಕಟ್ಟದಿದ್ರೆ ನಂಗೆ ಜಿರ್ತಿಗೂ ಬೇಡ, ಮದ್ವೇನೂ ಬೇಡ" ಎಂದು ಚಿಕ್ಕಮ್ಮನ ಮುಂದೆ ಹಟ ಹಿಡಿದಿದ್ದೀಯಂತೆ. ಜಿರ್ತಿಗ್ ಶಾಸ್ತ್ರವಿಲ್ಲದೆ ನಮ್ಮ ಮನೆತನದಲ್ಲಿ ಯಾವ ಹೆಣ್ಣು ಗಂಡನ ಮನೆಗೆ ಹೋಗಿದ್ದಾಳೆ? ಊರು ಹೋಯಿತು, ಮನೆ ಹೋಯಿತು, ಆ ಕೆಂಪು ರೇಷ್ಮೆ ದಾರವೂ ಹೋಗಲಿ ಎನ್ನುತ್ತೀಯಾ? ನನಗೆ ಬರಲಾಗುವುದಿಲ್ಲ. ಚಿಕ್ಕಮ್ಮ ಕಟ್ಟುತ್ತಾಳೆ, ನೀನು ಸುಮ್ಮನೆ ಕೈ ನೀಡಬೇಕು.

ಈ ಪತ್ರ ತರುವ ಪಕ್ಕದ ಮನೆ ಸಕೀನಾಳ ಸೊಸೆ ಒಂದು ಸೀಸೆ ಕೊಡುತ್ತಾಳೆ. ಅದು ನಿನ್ನ ಮದುವೆಗೆಂದು ನಾನು ಅರೆದು, ಕಲಸಿ ಇಟ್ಟಿದ್ದ ಖುಮ್ರಾ ಅತ್ತರು. ಯುದ್ಧ ಕೇರಿಗೆ ನುಗ್ಗಿದಾಗ ಎಲ್ಲರೂ ಅಂಗಳದಲ್ಲಿ ಚಿನ್ನ ಹೂತರೆ ನಾನು ಈ ಅತ್ತರಿನ ಜಾಡಿ ಹೂತೆ. ಬಳೆಗಳು ಬೀರುವಿನಲ್ಲೇ ಉಳಿದವು. ಓಡಿಹೋಗಿ ಶೆಂದಿ ಪಟ್ಟಣ ಸೇರುವವರೆಗೂ ನಿನ್ನ ಅಪ್ಪ ನಕ್ಕಿದ್ದೇ ನಕ್ಕಿದ್ದು. "ಚಿನ್ನ ಕಳ್ರಿಗೆ ಬಿಟ್ಟು ವಾಸ್ನೇನ ಹೂತಿಟ್ಟು ಬಂದ್ಲಲ್ಲಪ್ಪಾ ನನ್ನ ಹೆಂಡ್ತಿ!" ಎಂದು ಬಸ್ಸಿನವರಿಗೆಲ್ಲ ಸಾರಿದರು. ನನಗೆ ಎಂಥ ಕೋಪ ಬಂದಿತ್ತು ಗೊತ್ತಾ? ಹಿಂದಿರುಗಿ ಬಂದರೆ ಬಾಗಿಲಿಲ್ಲ, ಕಿಟಕಿಯಿಲ್ಲ, ನಾನು ಮದುವಣಗಿತ್ತಿಯಾಗಿ ಕೂತಿದ್ದ ಹಗ್ಗದ ಮಂಚವೂ ಇಲ್ಲ. ನಿಂಬೆಗಿಡದ ಬುಡದಲ್ಲಿ ಜಾಡಿ ಮಾತ್ರ ಇತ್ತು. ಅಪ್ಪ ಮುಚ್ಚಳ ತೆಗೆದು ಮೂಸಿದರು. ಈ ಸಲ ನಗಲಿಲ್ಲ, ಮಣ್ಣಿನ ಮೇಲೆ ಕೂತು ಅತ್ತುಬಿಟ್ಟರು. "ಬತೂಲ್, ನಮ್ಮ ಮನೆ ಇದ್ರೊಳಗೇ ಇದೆ ಕಣೇ" ಎಂದರು.

ಸೀಸೆಗೆ ತುಂಬಿದವಳು ಸಕೀನಾ. ನಾನು ದೂರ ಕೂತು ಹೇಳಿಕೊಟ್ಟೆ. ಅವಳ ಕೈ ಒರಟು, ಒಂದಿಷ್ಟು ಚೆಲ್ಲಿದ್ದಾಳೆ.

ಜೊತೆಗಿರುವ ನೀಲಿ ಮಣಿಯ ಕೆಂಪು ದಾರ ನಮ್ಮ ಮದುವೆಯಲ್ಲಿ ಅಪ್ಪನ ಕೈಗೆ ಕಟ್ಟಿದ್ದು. ಊರು ಬಿಟ್ಟು ಓಡುವಾಗಲೂ ಅವರ ಜೇಬಿನಲ್ಲಿತ್ತು. ಹಾಲಿನ ಶಾಸ್ತ್ರದ ಹೊತ್ತಿಗೆ ನಾಚಿಕೊಂಡು ಕೂರಬೇಡ. ಬಾಯಲ್ಲಿನ ಹಾಲನ್ನು ಯಾರು ಮೊದಲು ಇನ್ನೊಬ್ಬರ ಮೇಲೆ ಚಿಮ್ಮಿಸುತ್ತಾರೋ ಸಂಸಾರದಲ್ಲಿ ಅವರದೇ ಮಾತು. ಅವತ್ತು ನಾನು ನಿನ್ನ ಅಪ್ಪನ ಮುಖ, ಮೀಸೆ, ಹೊಸ ಬಟ್ಟೆ ಎಲ್ಲ ತೋಯಿಸಿಬಿಟ್ಟಿದ್ದೆ. ನಿನ್ನ ಮುತಸಿಮ್ ಸಾಧು ಹುಡುಗ, ಆದರೂ ಬಿಡಬೇಡ.

ಅಲ್ಲಾಹು ನಿನ್ನ ಮಡಿಲು ತುಂಬಲಿ, ನಿನ್ನ ಮನೆಯಲ್ಲಿ ಯಾವತ್ತೂ ಒಲೆ ಉರಿಯುತ್ತಿರಲಿ. ಚಿಕ್ಕಮ್ಮನಿಗೂ ಮಕ್ಕಳಿಗೂ ನನ್ನ ಸಲಾಂ.

ನಿನ್ನ ಅಮ್ಮ,
ಬತೂಲ್

ಮತ್ತೆ: ಬಸ್ಸಿಗೆ ಹೊತ್ತಾಯಿತೆಂದು ಸಕೀನಾಳ ಸೊಸೆ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಇದನ್ನು ಬರೆಯದೆ ಮಡಚಲು ಕೈ ಬರುತ್ತಿಲ್ಲ. ಮಗಳೇ, ಅಪ್ಪ ಹೋಗಿಬಿಟ್ಟರು. ಹೋದ ವಾರ ಜ್ವರ ಬಂತು, ಔಷಧಿ ಸಿಗಲಿಲ್ಲ. ನೀನು ಫೋನು ಮಾಡಿದಾಗ ಎತ್ತಲಿಲ್ಲ, ನನ್ನ ದನಿ ಕೇಳಿದ್ದರೆ ನಿನಗೆ ತಿಳಿದುಬಿಡುತ್ತಿತ್ತು. ಬಿಳಿ ಥೋಬ್ ಉಟ್ಟು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಕೂತಿದ್ದೇನೆ. ಮನೆ ಬಿಟ್ಟು ಬರುವ ಹಾಗಿಲ್ಲ, ಅತ್ತರು ಮುಟ್ಟುವ ಹಾಗಿಲ್ಲ, ಗಂಡನನ್ನು ಕಳೆದುಕೊಂಡವಳ ಕೈಯಿಂದ ನಮ್ಮಲ್ಲಿ ಮದುವೆಯ ದಾರ ಕಟ್ಟಿಸುವುದಿಲ್ಲ. ಅತ್ತುಬಿಡು, ಎಷ್ಟು ಬೇಕಾದರೂ ಅಳು. ಆಮೇಲೆ ಮುಖ ತೊಳೆದು ಖುಮ್ರಾ ಹಚ್ಚಿಕೋ, ನನ್ನ ಪಾಲಿನದನ್ನೂ ನೀನೇ ಹಚ್ಚಿಕೋ. ಮದುವೆ ಮಾತ್ರ ಮುಂದೂಡಬೇಡ. ಕೊನೆಗೆ ಅವರು ನನ್ನ ಕೈ ಹಿಡಿದು ಕೇಳಿದ್ದು ಅದೊಂದೇ. "ಮದ್ವೆ ನಿಲ್ಲಿಸ್ಬೇಡ ಕಣೇ. ಹಾಲು ನನ್ನ ಮಗ್ಳೇ ಮೊದ್ಲು ಚಿಮ್ಮಿಸ್ಲಿ. ನಿನ್ ಹತ್ರ ಸೋತು ನಾನು ಸುಖವಾಗೇ ಇದ್ದೆ" ಎಂದರು.